ಅಣ್ಣನ ಮುಂದೆ ತುಳಿದ ಸೈಕಲ್

ನನ್ನ ಹೃದಯ ಕೆಟ್ಟಿದೆಯೋ ಇಲ್ಲವೋ ಎಂಬುದಕ್ಕಿಂತ, ಅಣ್ಣನ ಹೃದಯಕ್ಕಿಂತ ಹೆಚ್ಚು ಕೆಟ್ಟಿದೆಯೋ ಎಂಬುದೇ ಅವತ್ತು ನನಗೆ ದೊಡ್ಡ ಚಿಂತೆಯಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಇಬ್ಬರಿಗೂ ಏದುಸಿರು. ದೊಡ್ಡಬಳ್ಳಾಪುರದ ಡಾಕ್ಟರು ಇಬ್ಬರನ್ನೂ ಒಂದೇ ದಿನ ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದರು. ನಿಂತಲ್ಲೇ ನಿಂತಿರುವ ಸೈಕಲ್ ತುಳಿಸಿ, ಎದೆ ಜೋರಾಗಿ ಬಡಿಯುವಾಗ ಸ್ವಲ್ಪ ವಿಕಿರಣವಿರುವ ಔಷಧಿಯನ್ನು ಕೈಯ ನರಕ್ಕೆ ಚುಚ್ಚುತ್ತಾರೆ. ಆಮೇಲೆ ಕ್ಯಾಮೆರಾದ ಕೆಳಗೆ ಮಲಗಿಸಿ, ಹೃದಯದ ಯಾವ ಭಾಗಕ್ಕೆ ರಕ್ತ ತಲುಪುತ್ತಿಲ್ಲವೆಂದು ಚಿತ್ರದಲ್ಲಿ ನೋಡುತ್ತಾರೆ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಇವತ್ತಿಗೂ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಾನೆ. ನಾನು ಪವರ್‌ಲೂಮ್ ಹಾಕಿಸಿ ಸ್ವಿಚ್ಚು ಒತ್ತಿ ಕೂತವನು. ಅಪ್ಪ ಸಾಯುವತನಕ ಅವನ ಕಾಲಿನ ಹದವನ್ನೇ ಹೊಗಳಿದರು. ನನ್ನ ಎಂಟು ಮಗ್ಗಗಳ ಸದ್ದು ಅವರಿಗೆ ಬರೀ ತಲೆನೋವು. ಆ ಉರಿ ಇನ್ನೂ ಆರಿಲ್ಲ.

ಮೊದಲು ಅಣ್ಣ ಹತ್ತಿದ. ಒಂದು ಪೆಡಲ್ ಒತ್ತಿ, ನೂಲಿನ ಲಾಳಿ ಅತ್ತ ದಾಟುವಷ್ಟು ಹೊತ್ತು ನಿಲ್ಲಿಸಿ, ಆಮೇಲೆ ಇನ್ನೊಂದನ್ನು ಒತ್ತಿದ. ಮಗ್ಗ ತುಳಿದ ಹಾಗೆಯೇ.

"ಯಜಮಾನ್ರೇ, ನಿಲ್ಲಿಸ್ಬೇಡಿ, ಸೈಕಲ್ ತರ ತುಳೀರಿ," ಎಂದು ಟೆಕ್ನಿಷಿಯನ್ ಮೇಡಂ ನಕ್ಕರು. ನನಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಅವನು ಬೇಗನೆ ರೂಢಿ ಮಾಡಿಕೊಂಡು, ಹತ್ತು ನಿಮಿಷ ತುಳಿದು, ಬೆವರೊರೆಸಿಕೊಂಡು ಇಳಿದ.

ಹಾಗಾದರೆ ನಾನು ಹನ್ನೊಂದು ತುಳಿಯಲೇಬೇಕು. ನೋವು ಬಂದರೆ ತಕ್ಷಣ ಹೇಳಿ ಎಂದು ಮೇಡಂ ಎರಡು ಸಲ ಹೇಳಿದ್ದರು. ಐದನೇ ನಿಮಿಷಕ್ಕೇ ಎದೆಯ ನಡುವೆ ಬಿಗಿಯಿತು, ದವಡೆಯವರೆಗೂ ಹಿಡಿಯಿತು. ಬಾಗಿಲ ಗಾಜಿನಾಚೆ ಅಣ್ಣ ನಿಂತು ನೋಡುತ್ತಿದ್ದ. ಹಲ್ಲು ಕಚ್ಚಿ ತುಳಿದೆ. ಗುಂಡಿ ಮಗ್ಗ ಬಿಟ್ಟು ಮೂವತ್ತು ವರ್ಷವಾಗಿದ್ದರೂ ನನ್ನ ಕಾಲು ಕೂಡ ಒಂದನ್ನು ಒತ್ತಿ ನಿಂತು, ಇನ್ನೊಂದನ್ನು ಒತ್ತತೊಡಗಿತು. ಒಂಬತ್ತನೇ ನಿಮಿಷಕ್ಕೆ ಮೇಡಂ ತಾವೇ ಸಾಕೆಂದರು. ನೋವು ಬಂತೇ ಎಂದು ಕೇಳಿದ್ದಕ್ಕೆ ಇಲ್ಲ ಎಂದು ಬರೆಸಿದೆ.

ಮಧ್ಯಾಹ್ನ ಡಾಕ್ಟರು ಚಿತ್ರ ತೋರಿಸಿದರು. ಅಣ್ಣನ ಹೃದಯ ಒಡೆಯದ ಬಳೆಯ ಹಾಗೆ ದುಂಡಗಿತ್ತು. ನನ್ನದರಲ್ಲಿ ಒಂದು ಕಡೆ ಮಾಸಿತ್ತು.

"ತುಳಿಯುವಾಗ ನಿಜವಾಗ್ಲೂ ನೋವು ಬರ್ಲಿಲ್ವಾ? ಬಂದಿದ್ರೆ ಇವತ್ತೇ ಅಡ್ಮಿಟ್ ಆಗ್ಬೇಕು. ಇಲ್ಲಾಂದ್ರೆ ಮಾತ್ರೆ ಕೊಟ್ಟು ಕಳಿಸ್ತೀನಿ," ಎಂದರು ಡಾಕ್ಟರು.

ಅಣ್ಣ ಪಕ್ಕದಲ್ಲೇ ಕೂತಿದ್ದ. ಅವನೆದುರು ಹೇಗೆ ಬಾಯಿ ಬಿಡಲಿ?

"ಬರ್ಲಿಲ್ಲ ಸಾರ್."

"ಸುಳ್ಳು ಸಾರ್," ಎಂದ ಅಣ್ಣ. "ಅವ್ನ ಕಾಲು ನೋಡ್ತಿದ್ದೆ. ಅರ್ಧದಲ್ಲೇ ಹದ ತಪ್ತು. ಅಡ್ಮಿಟ್ ಮಾಡ್ಕಳಿ." ನನ್ನ ಕಡೆ ತಿರುಗಿದ. "ನಂಗೆ ನೋವು ಬಂದಿದ್ರೆ ನಿನ್ ಮುಂದೆ ನಾನೂ ಹೇಳ್ತಿರ್ಲಿಲ್ಲ ಕಣೋ. ಎಂಟ್ ಮಗ್ಗದ ಸಾಹುಕಾರ ನೀನು."

ಅವನಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿತ್ತೆಂದು ಆಗಲೇ ನನಗೆ ಗೊತ್ತಾದದ್ದು. ಒಳಗೊಳಗೇ ಖುಷಿಯಾಯಿತು. ಅಡ್ಮಿಟ್ ಆಗುವ ಕಾಗದಕ್ಕೆ ಸಹಿ ಹಾಕುವಾಗ ಮಾತ್ರ, ಹೊಟ್ಟೆಕಿಚ್ಚನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದರಲ್ಲೂ ಅವನೇ ಮುಂದಾದನಲ್ಲ ಎಂದು ಹೊಟ್ಟೆ ಉರಿಯಿತು.