ಕಾಂಪೌಂಡರ್ ಆಗಿದ್ದ ದೇವರು

ದೇವರ ಹೆಸರಿನಲ್ಲಿ ಮೋಸ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಆದರೂ ಫ್ರೀಮಾಂಟಿನ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದ್ದದ್ದು ಅದೇ.

ನಮ್ಮತ್ತೆ ಧಾರವಾಡದವರು. ಮರೆವಿನ ಕಾಯಿಲೆ ಅವರಿಂದ ಮಗನ ಹೆಸರನ್ನೂ ಕೊನೆಗೆ ಮಾತನ್ನೂ ಕಿತ್ತುಕೊಂಡಿತ್ತು. ಮಾತ್ರೆ ಕಂಡರೆ ತುಟಿ ಬಿಗಿಯುತ್ತಿದ್ದರು. ಪ್ರಸಾದ ಎಂದರೆ ಮಾತ್ರ ಎಡಗೈ ಮೇಲೆ ಬಲಗೈ ಇಟ್ಟು ಚಾಚುತ್ತಿದ್ದರು. ಇದನ್ನು ಗಮನಿಸಿದ ಮಹಾಬುದ್ಧಿವಂತೆ ನಾನೇ. ಮಾತ್ರೆಗಳನ್ನೆಲ್ಲ ಪುಡಿ ಮಾಡಿ ಸಜ್ಜಿಗೆಯಲ್ಲಿ ಕಲಸುವುದು ನನ್ನ ಕೆಲಸ, ಅದನ್ನು ದೇವರ ಮುಂದಿಟ್ಟು ಗಂಟೆ ಬಾರಿಸುವುದು ಗಂಡನದು. ಹಬ್ಬದ ದಿನವೂ ಮೀಟಿಂಗು ಬಿಡದ ಮನುಷ್ಯ ದಿನಾ ಮಂಗಳಾರತಿ ಎತ್ತತೊಡಗಿದರು. ವೈದ್ಯೋ ನಾರಾಯಣೋ ಹರಿಃ ಎನ್ನುತ್ತಾರೆ ಹಿರಿಯರು. ನಾವು ಆ ನಾರಾಯಣನನ್ನು ಕಾಂಪೌಂಡರ್ ಮಾಡಿ ಕೂರಿಸಿದ್ದೆವು.

ಕೆಲವು ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅತ್ತೆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಟ್ಟಲಿಗೆ ವಾಪಸು ಹಾಕಿದರು. ಆಮೇಲೆ ಮೊಸರನ್ನವೂ ಬೇಡವಾಯಿತು, ಹಾಲೂ ಬೇಡವಾಯಿತು. ತುತ್ತು ಹತ್ತಿರ ಬಂದರೆ ಮುಖ ತಿರುಗಿಸುವರು. ಕೈಬಳೆ ಮೊಣಕೈವರೆಗೆ ಜಾರತೊಡಗಿತು. ನನಗೆ ನಿಜವಾಗಿಯೂ ಭಯವಾಯಿತು.

ವಯಸ್ಸಾದವರನ್ನು ನೋಡುವ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆವು. ಆಕೆ ಮೊದಲು ನಕ್ಕರು, ಆಮೇಲೆ ಕೆಲವು ಮಾತ್ರೆ ಪುಡಿ ಮಾಡಲೇಬಾರದೆಂದು ಗದರಿದರು, ಕೊನೆಗೆ ಇಷ್ಟೊಂದು ಯಾಕೆ ಎಂದು ಕೇಳಿದರು. ಕೊಲೆಸ್ಟರಾಲಿನ ಮಾತ್ರೆ ಮುಂದೆಂದೋ ಬರಬಹುದಾದ ತೊಂದರೆಗೆ, ನೆನಪಿನ ಮಾತ್ರೆಯಿಂದ ಈಗ ಪ್ರಯೋಜನ ಕಾಣುತ್ತಿಲ್ಲ, ಒಂದೊಂದಾಗಿ ನಿಧಾನವಾಗಿ ಬಿಡಿಸೋಣ, ಮಂಡಿನೋವಿಗೆ ಮಾತ್ರ ಕುಡಿಯುವ ಔಷಧಿ ಇರಲಿ ಎಂದರು.

ಹತ್ತಿರದ ಎವರ್‌ಗ್ರೀನ್ ಬಡಾವಣೆಯಿಂದ ಬಂದಿದ್ದ ನಾದಿನಿ ಸುಮಾ ಕಾರು ಹತ್ತುವ ಮೊದಲೇ ಅತ್ತಳು. "ಮಾತ್ರಿ ಬಿಡಸೂದಂದ್ರ ಅವ್ವನ್ನ ಕೈಬಿಟ್ಟಂಗ ಅಲ್ಲೇನು, ವೈನಿ?"

"ಬಿಡ್ತಿರೋದು ಮಾತ್ರೇನ ಸುಮಾ, ಅತ್ತೇನಲ್ಲ," ಅಂದೆ.

ಹೇಳಿದ್ದೇನೋ ಧೈರ್ಯವಾಗಿ. ಫ್ರೀವೇ ಉದ್ದಕ್ಕೂ ನನ್ನನ್ನು ಕೊರೆದದ್ದೂ ಅದೇ ಪ್ರಶ್ನೆ. ವಾರದ ಮಾತ್ರೆ ಡಬ್ಬಿ ತುಂಬುವಾಗ ಏನೋ ಮಾಡುತ್ತಿದ್ದೇವೆ ಎಂಬ ನೆಮ್ಮದಿ ಇತ್ತು. ಆ ಮಾತ್ರೆಗಳ ಗುಣ ಬಹುಶಃ ನಮಗೇ ಹತ್ತುತ್ತಿತ್ತು. ಮನೆ ತಲುಪುವ ಹೊತ್ತಿಗೆ ಮೂವರೂ ಒಪ್ಪಿದ್ದೆವು.

ಡಬ್ಬಿ ಖಾಲಿಯಾಗುತ್ತ ಬಂದ ಒಂದು ಭಾನುವಾರ ಸುಮಾ ಶಿರಾ ಮಾಡಿಕೊಂಡು ಬಂದಳು. ನಮ್ಮ ಮೈಸೂರಿನ ಸಜ್ಜಿಗೆಗೆ ಅವರಲ್ಲಿ ಆ ಹೆಸರು. ತುಪ್ಪ, ಏಲಕ್ಕಿ, ದ್ರಾಕ್ಷಿ ಬಿಟ್ಟರೆ ಕಳ್ಳಮಾಲು ಏನೂ ಇರಲಿಲ್ಲ. ಅತ್ತೆ ಮೂಸಿದರು. ಚೂರು ನಾಲಗೆಯ ತುದಿಗಿಟ್ಟುಕೊಂಡು ಕಹಿಗಾಗಿ ಕಾದರು. ಕಹಿ ಬರಲಿಲ್ಲ. ಬಟ್ಟಲು ಖಾಲಿಯಾಯಿತು. ಆಮೇಲೆ ಕೈ ಚಾಚಿ, ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟರು:

"ಇನ್ನೊಂದೀಟು ಹಾಕವಾ."

ಗೆದ್ದೆವು! ನನ್ನ ಗಂಡ ಸಿಕ್ಸರ್ ಕಂಡವರಂತೆ ಶಿಳ್ಳೆ ಹೊಡೆದರು. ಸುಮಾ ಸೌಟು ಹಿಡಿದೇ ಕುಣಿದಳು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಊಟ ಬಂದಿದೆ, ಬಳೆ ಮಣಿಕಟ್ಟಿಗೆ ಮರಳಿದೆ, ನಮ್ಮ ಆ ದಿನದ ಸಂಭ್ರಮ ಇವತ್ತಿಗೂ ಇಳಿದಿಲ್ಲ.

ಮಂಗಳಾರತಿ ಈಗಲೂ ನಡೆಯುತ್ತದೆ. ದೇವರು ಕಾಂಪೌಂಡರ್ ಕೆಲಸದಿಂದ ಬಿಡುಗಡೆಯಾಗಿ ಬರೀ ದೇವರಾಗಿದ್ದಾನೆ. ಅತ್ತೆ ಎಡಗೈ ಮೇಲೆ ಬಲಗೈ ಇಟ್ಟು ಪ್ರಸಾದ ತೆಗೆದುಕೊಳ್ಳುತ್ತಾರೆ. ಮೊದಲ ತುತ್ತು ಮಾತ್ರ ನನ್ನ ಬಾಯಿಗೆ ಇಡುತ್ತಾರೆ. ಸೊಸೆಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಊರಿಗೆಲ್ಲ ಹೇಳಿಕೊಂಡಿದ್ದೇನೆ. ನಾನು ನುಂಗುವವರೆಗೂ ಅವರು ನನ್ನ ಮುಖವನ್ನೇ ನೋಡುತ್ತಿರುತ್ತಾರೆ ಎಂಬುದನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.