ಪಕ್ಕದ ಮನೆಯ ಲೇಖಕಿ ಮತ್ತು ನನ್ನ ಮಗಳು

ಲಂಡನ್ನಿನ ಕೆಂಟನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ತೊಂಬತ್ತರ ಹತ್ತಿರದ ಯಹೂದಿ ಲೇಖಕಿಯೊಬ್ಬರಿದ್ದರು. ನಾಜಿಗಳ ಕಾಲದಲ್ಲಿ ಹೆತ್ತವರನ್ನು ಕಳೆದುಕೊಂಡು, ಬೇರೆಯವರ ಮನೆಯಲ್ಲಿ ಅಡಗಿ ಬದುಕುಳಿದು, ಯುದ್ಧ ಮುಗಿದ ಮೇಲೆ ಲಂಡನ್ನಿಗೆ ಬಂದವರು. ಅವರ ಪುಸ್ತಕಗಳು ನಮ್ಮ ಲೈಬ್ರರಿಯಲ್ಲೇ ಇದ್ದವು. ಈಗ ಕೈ ನಡುಗುತ್ತಿದ್ದರಿಂದ ಅವರು ಹೇಳಿದ್ದನ್ನು ಹದಿನೇಳರ ನನ್ನ ಮಗಳು ಪ್ರತಿ ಭಾನುವಾರ ಟೈಪ್ ಮಾಡಿಕೊಡುತ್ತಿದ್ದಳು.

ಊಟಕ್ಕೆ ಕೂತರೆ ಅವಳದು ಅವರದೇ ಮಾತು. ನಾನೂ ಬರೆಯುವವಳೇ. ಧಾರವಾಡದ ಕಡೆಯ ಪತ್ರಿಕೆಗಳಲ್ಲಿ ನನ್ನ ಕಥೆಗಳು ಬಂದಿದ್ದವು. ಮಗಳಿಗೆ ಕನ್ನಡ ಓದಲು ಬಾರದು.

"ನನ್ನ ಕಥಿಯೊಳಗ ಏನೈತಿ ಅಂತ ಒಮ್ಮೆರೆ ಕೇಳೀಯೇನ?" ಎಂದೆ.

"ಯು ನೆವರ್ ಆಫರ್ಡ್, ಅಮ್ಮ. ನೀನೇ ಓದಿ ಹೇಳ್ಲಿಲ್ಲ."

ಅದು ನಿಜವಾಗಿದ್ದರಿಂದಲೇ ಹೆಚ್ಚು ಉರಿಯಿತು. ಆ ಹೆಂಗಸಿನ ಬಾಲ್ಯದ ಸಂಕಟದ ಮೇಲೂ ನನಗೆ ಹೊಟ್ಟೆಕಿಚ್ಚು. ನನ್ನ ಬಳಿ ಹೇಳಲು ಅಂಥದ್ದೇನಿತ್ತು? ಹೀಗೆ ಯೋಚಿಸಿದೆನಲ್ಲ ಎಂದು ನಾಚಿಕೆಯಾಯಿತು, ಕಿಚ್ಚು ಮಾತ್ರ ಆರಲಿಲ್ಲ.

ಮುಂದಿನ ಭಾನುವಾರ, ಸೌತ್‌ಹಾಲ್‌ನ ಇಂಡಿಯನ್ ಅಂಗಡಿಯಿಂದ ಅಕ್ಕಿ ತರಬೇಕು, ಒಬ್ಬಳಿಗೇ ಹೊರಲಾಗದು ಎಂದು ಮಗಳನ್ನು ಎಳೆದೊಯ್ದೆ. ಸಂಜೆ ಮರಳಿದಾಗ ಲೇಖಕಿ ವಾಕರ್ ಹಿಡಿದು ತಮ್ಮ ಬಾಗಿಲಲ್ಲಿ ನಿಂತಿದ್ದರು.

"ಇವತ್ತು ನನ್ನ ತಾಯಿಯ ವಿಷಯ ಹೇಳಬೇಕೆಂದಿದ್ದೆ," ಎಂದರು ಇಂಗ್ಲಿಷಿನಲ್ಲಿ. "ನಾಳೆಗೆ ಧೈರ್ಯ ಉಳಿಯುತ್ತೋ ಇಲ್ಲವೋ. ನೀವೂ ಬನ್ನಿ."

ಚೀಲ ಕೆಳಗಿಟ್ಟು ಅವರ ಮನೆಯೊಳಗೆ ಕೂತೆವು. ಆರು ವರ್ಷದ ಅವರಿಗೆ ತಾಯಿ ಕೋಟಿನ ಗುಂಡಿ ಹಾಕಿ, ನೆರೆಯವಳ ಕೈಗೆ ಒಪ್ಪಿಸಿದ್ದರಂತೆ. ಹಾಲು ಕುಡಿಯುವ ಕೂಸನ್ನು ಮಾತ್ರ ತಮ್ಮ ಬಳಿ ಉಳಿಸಿಕೊಂಡರಂತೆ.

"ತಮ್ಮನನ್ನು ಇಟ್ಟುಕೊಂಡಳು, ನನ್ನನ್ನು ಕಳಿಸಿದಳು ಎಂದು ಹೊಟ್ಟೆಕಿಚ್ಚಾಯಿತು. ಅವಳು ಮುತ್ತು ಕೊಡಲು ಬಗ್ಗಿದಾಗ ಮುಖ ತಿರುಗಿಸಿದೆ. ಇಬ್ಬರನ್ನೂ ಕ್ಯಾಂಪಿನಲ್ಲಿ ಕೊಂದರು. ಇಷ್ಟು ಪುಸ್ತಕ ಬರೆದೆ, ಇದೊಂದನ್ನು ಬರೆಯಲಾಗಲಿಲ್ಲ."

ಮಗಳು ಟೈಪ್ ಮಾಡುವುದನ್ನು ನಿಲ್ಲಿಸಿ ಅವರ ನಡುಗುವ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ನನ್ನ ಕೈಯನ್ನು ಅವಳು ಹಾಗೆ ಹಿಡಿದು ಎಷ್ಟು ವರ್ಷವಾಯಿತು ಎಂದು ಆ ಗಳಿಗೆಯಲ್ಲೂ ನನಗೆ ಅನಿಸಿತು.

ಹೊರಗೆ ಬಂದ ಮೇಲೆ ಮಗಳಿಗೆ ಹೇಳಿದೆ: "ಸೌತ್‌ಹಾಲ್‌ಗೆ ಇವತ್ತ ಹೋಗೂದು ಬೇಕಾಗಿರಲಿಲ್ಲ. ನೀ ಅವರ ಮನಿಗೆ ಹೋಗಬಾರದಂತ ಸುಳ್ಳ ಹೇಳಿದೆ."

"ಐ ನೋ. ಮನೇಲಿ ಆಲ್ರೆಡಿ ಅಕ್ಕಿ ಇತ್ತು," ಎಂದಳು. ನಗಲಿಲ್ಲ.

ಆ ವಾರ ನನ್ನ ಕಥೆಯೊಂದನ್ನು ಅವಳಿಗೆ ಗಟ್ಟಿಯಾಗಿ ಓದಿದೆ. ನಡುವೆ ಎರಡು ಸಲ ಫೋನ್ ನೋಡಿದಳು. ನಾನು ನಿಲ್ಲಿಸದೆ ಕೊನೆಯವರೆಗೂ ಓದಿದೆ.