ಚಿಕ್ಕಬಸವಯ್ಯನ ಹೊಗೆಮಡಕೆ

ಬೇಗೂರಿನ ದನದ ಆಸ್ಪತ್ರೆಗೆ ಎಷ್ಟೋ ಡಾಕ್ಟರುಗಳು ಬಂದರು, ಹೋದರು. ಚಿಕ್ಕಬಸವಯ್ಯ ಮಾತ್ರ ಅಲ್ಲೇ ಇದ್ದ. ಹೆಸರಿಗೆ ಅವನು ಜವಾನ. ಗಾಯ ತೊಳೆಯುವುದು, ಸೂಜಿ ಕುದಿಸುವುದು, ಒದೆಯುವ ಎಮ್ಮೆಯ ಕಾಲು ಹಿಡಿಯುವುದು ಅವನ ಕೆಲಸ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಅವನಿಗೆ ಅರ್ಧ ಡಾಕ್ಟರ ಮರ್ಯಾದೆ. ಇಪ್ಪತ್ತೆರಡು ವರ್ಷದಲ್ಲಿ ಅದು ಸ್ವಲ್ಪ ತಲೆಗೂ ಏರಿತ್ತು ಅನ್ನಿ. ಬೀಡಿ ಹಚ್ಚಿಕೊಂಡು "ಇದೇನಪ್ಪಾ ಅಂದ್ರೆ..." ಎಂದು ಶುರುಮಾಡಿದನೆಂದರೆ ಹಗ್ಗ ಹಿಡಿದು ನಿಂತವರೆಲ್ಲ ಬಾಯಿ ಮುಚ್ಚಿಕೊಂಡು ಕೇಳಬೇಕು.

ಅವನು ಹಳ್ಳಿಹಳ್ಳಿಗೆ ಕಲಿಸಿದ ಒಂದು ಪದ್ಧತಿಯಿತ್ತು. ಸಂಜೆ ದನ ಮನೆಗೆ ಬಂದ ಮೇಲೆ, ಇನ್ನೂ ಬೆಳಕಿರುವಾಗಲೇ, ಕೊಟ್ಟಿಗೆಯೊಳಗೆ ಒಡಕು ಮಡಕೆಯಲ್ಲಿ ಅರೆಬರೆ ಒಣಗಿದ ಸಗಣಿ, ಹಸಿ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಬೇಕು. ದನದ ಮೈಗಂಟಿ ರಕ್ತ ಹೀರುವ ದಪ್ಪ ನೊಣಗಳು ಎದ್ದು ಓಡುತ್ತವೆ. ಜೊತೆಗೆ ಇನ್ನೊಂದು ಕಟ್ಟಪ್ಪಣೆ: ನಾಯಿಯನ್ನು ಮಾತ್ರ ಹೊಗೆಯಲ್ಲಿ ಬಿಡಕೂಡದು. ಹೊಗೆ ಕುಡಿದ ನಾಯಿಯ ಮೂಗು ಕೆಡುತ್ತದೆ, ಆಮೇಲೆ ಹೊಲಕ್ಕೆ ನುಗ್ಗಿದ ಹಂದಿಯ ವಾಸನೆ ಅದಕ್ಕೆ ಹತ್ತುವುದಿಲ್ಲ. ಆದ್ದರಿಂದ ಅದನ್ನು ಕೊಟ್ಟಿಗೆ ಬಾಗಿಲ ಹೊರಗೆ ಗೂಟ ಹೊಡೆದು ಕಟ್ಟಬೇಕು. ಜನ ಹಾಗೇ ಕಟ್ಟಿದರು.

ತೊಂಬತ್ತಾರರ ಮಳೆಗಾಲದ ಒಂದು ಬೆಳಿಗ್ಗೆ ಶಾಂತಮಲ್ಲಮ್ಮ ತನ್ನ ನಾಯಿ ಕೆಂಚನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ಊರಂಚಿನಲ್ಲಿ ಕಡಲೆಕಾಯಿ, ಅರಿಸಿನ ಬೆಳೆಯುವ ಗಟ್ಟಿಗಿತ್ತಿ ಹೆಂಗಸು. ನಾಯಿಗೆ ಗಾಡಿ ಕಟ್ಟಿಸಿದಳಲ್ಲ ಎಂದು ದಾರಿಯಲ್ಲಿ ನಕ್ಕವರಿಗೆ ಸರಿಯಾಗಿ ಉಗಿದೇ ಬಂದಿದ್ದಳು. ಕೆಂಚನ ಮುಖ ಊದಿಕೊಂಡಿತ್ತು. ಎರಡು ಕಣ್ಣಿಗೂ ತೆಳುವಾದ ಗಂಜಿ ಬಳಿದ ಹಾಗೆ ಬಿಳಿ ಕಟ್ಟಿತ್ತು.

ಚಿಕ್ಕಬಸವಯ್ಯ ಬಗ್ಗಿ ಆ ಕಣ್ಣುಗಳನ್ನು ನೋಡಿದ. ಎರಡು ವರ್ಷದ ಹಿಂದೆ ಅವನ ಮನೆಯ ನಾಯಿ ಬೆಳ್ಳಿಯೂ ಇದೇ ಊದಿದ ಮುಖ, ಇದೇ ಬಿಳಿ ಕಣ್ಣಿನಲ್ಲಿ ಸತ್ತಿತ್ತು. ಆಗ ತನಗೆ ತಾನೇ ಹೇಳಿಕೊಂಡಿದ್ದ ಮಾತನ್ನೇ ಈಗಲೂ ಹೇಳಿದ.

"ತಳಿ ಸರಿಗಿಲ್ಲ ಕಣಕ್ಕ. ಕೆಲವು ನಾಯಿಗ ಹುಟ್ಟೋವಾಗ್ಲೇ ರಕ್ತದಲ್ಲಿ ಸಕ್ತಿ ಇರಲ್ಲ."

"ತಳಿ ಅಂತ ತಳಿ! ಇದರ ಒಡಹುಟ್ಟಿದ್ದು ಚೆಲುವಯ್ಯನ ಮನೇಲಿ ಗುಂಡುಕಲ್ಲಂಗೆ ಅದಲ್ಲ, ಅದೇನು ಬೇರೆ ತಾಯಿ ಹಾಲು ಕುಡೀತಾ? ಈ ಸಲ ಕಾಯಿ ಕೀಳೋಗಂಟ ಹಂದಿ ಕಾಯಕ್ಕೆ ನಂಗೆ ಇವನೊಬ್ನೇ. ಉಳಿಸ್ಕೊಡು ಬಸವಯ್ಯ."

ಹೊಸದಾಗಿ ಬಂದಿದ್ದ ಡಾಕ್ಟರು ನೀಲಕಂಠಸ್ವಾಮಿ ಮಾತು ಕಡಿಮೆಯ ಮನುಷ್ಯ. ಕೆಂಚನ ಕಿವಿಯ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿಗೆ ಇಟ್ಟರು. ಸ್ವಲ್ಪ ಹೊತ್ತು ನೋಡಿ, "ಬನ್ನಿ ಬಸವಯ್ಯ, ನೀವೂ ನೋಡಿ" ಎಂದರು. ಇಪ್ಪತ್ತೆರಡು ವರ್ಷ ಆ ಯಂತ್ರದ ಧೂಳು ಒರೆಸಿದ್ದವನು ಅದರೊಳಗೆ ಇಣುಕಿದ್ದು ಅವತ್ತೇ ಮೊದಲು. ಗುಂಡುಗುಂಡನೆಯ ರಕ್ತದ ಕಣಗಳ ನಡುವೆ ದಾರದ ಎಳೆಯಂಥದ್ದೇನೋ ಪತಪತ ಒದ್ದಾಡುತ್ತಿತ್ತು.

"ಇದು ದನದ ರಕ್ತದಲ್ಲಿರುತ್ತೆ. ಎಷ್ಟೋ ದನ ಇದನ್ನ ಇಟ್ಟುಕೊಂಡೇ ಮೇಯ್ಕೊಂಡಿರ್ತವೆ, ಹೊರಗೆ ಕಾಣಲ್ಲ. ನಾಯಿ ತಡ್ಕೊಳಲ್ಲ. ದಪ್ಪ ನೊಣ ಬಾಯಲ್ಲಿ ಹೊತ್ಕೊಂಡು ಬಂದು ದಾಟಿಸುತ್ತೆ."

"ಹಂಗಾರೆ ಚೆಲುವಯ್ಯನ ನಾಯಿಗೆ ಯಾಕ್ ಬರ್ಲಿಲ್ಲ ಸಾರ್?" ಎಂದ ಚಿಕ್ಕಬಸವಯ್ಯ.

ಡಾಕ್ಟರು ಸೂಜಿಮದ್ದು ಚುಚ್ಚುತ್ತಲೇ ಹೇಳಿದರು: "ಯಾವ ನಾಯಿ ಎಲ್ಲಿ ಮಲಗುತ್ತೆ, ಹೋಗಿ ನೋಡ್ಕೊಂಡು ಬನ್ನಿ."

ಅವತ್ತು ಸಂಜೆ ಚಿಕ್ಕಬಸವಯ್ಯ ಸೈಕಲ್ ಹತ್ತಿದ. ಚೆಲುವಯ್ಯ ಕೂಲಿ ಮಾಡುವವನು, ಅವನಿಗೆ ದನವೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಅವನ ನಾಯಿ ಜಗಲಿಯ ಒಲೆಯ ಪಕ್ಕ, ಸೌದೆಯ ಹೊಗೆಯಲ್ಲೇ, ಕಾಲು ಚಾಚಿ ಮಲಗಿತ್ತು. ಮೂಗು ಕೆಟ್ಟಂತೇನೂ ಕಾಣಲಿಲ್ಲ. ಸೈಕಲ್ ಇನ್ನೂ ತಿರುವಿನಲ್ಲಿರುವಾಗಲೇ ಎದ್ದು ಬೊಗಳಿತ್ತು.

ಅಲ್ಲಿಂದ ಶಾಂತಮಲ್ಲಮ್ಮನ ಮನೆಗೆ ಬಂದ. ಕೆಂಚ ಪಡಸಾಲೆಯ ಗೋಣಿಯ ಮೇಲೆ ಬಿದ್ದಿತ್ತು. ಅವಳು ಆಗ ತಾನೇ ಹೊಗೆಮಡಕೆ ಹಚ್ಚಿದ್ದಳು. ಅವನು ಕೊಟ್ಟಿಗೆ ಬಾಗಿಲ ಹೊರಗೆ, ಬರಿದಾಗಿ ಬಿದ್ದಿದ್ದ ಸರಪಳಿಯ ಪಕ್ಕ, ಆ ಗೂಟದ ಹತ್ತಿರವೇ ಕುಕ್ಕರಗಾಲಲ್ಲಿ ಕೂತ. ಒಳಗೆ ಹೊಗೆ ತುಂಬಿತು. ಎತ್ತುಗಳ ಮೈಮೇಲಿದ್ದ ನೊಣಗಳು ಅರ್ಧ ಊಟಕ್ಕೇ ಎದ್ದು ಬಾಗಿಲ ಕಡೆ ನುಗ್ಗಿದವು. ಬಾಗಿಲು ದಾಟಿದರೆ ಮೊದಲು ಸಿಗುವುದೇ ಗೂಟ. ಒಂದು ನೊಣ ಅವನ ಮುಂಗೈ ಮೇಲೆ ಕೂತಿತು. ಕೂತ ಕೂಡಲೇ ಪಟ್ಟನೆ ಹೊಡೆದ. ಅಂಗೈ ತುಂಬ ರಕ್ತ. ಅದು ಅವನದಲ್ಲ, ಕಚ್ಚಲು ಅದಕ್ಕೆ ಸಮಯವೆಲ್ಲಿತ್ತು? ಅದು ಎತ್ತಿನ ರಕ್ತ.

ಅವನು ಅಂಗೈಯನ್ನು ಗೂಟಕ್ಕೆ ಒರೆಸಿ ಎದ್ದ. ಬಾಯಿ ಮುಚ್ಚಿಕೊಂಡು ಹೊರಟುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೊರಡಬೇಕೆಂದು ಸೈಕಲ್ ಹಿಡಿದದ್ದೂ ನಿಜ. ಆದರೆ ಪಡಸಾಲೆಯಲ್ಲಿ ಕೆಂಚ ಒಮ್ಮೆ ಕುಂಯ್ ಎಂದಿತು, ಅವನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ತಳಿ ಸರಿಯಾಗೇ ಅದ. ಕಟ್ಟಿದ ಜಾಗ ಸರಿಗಿಲ್ಲ. ಇಲ್ಲಿ ಕಟ್ಟಿ ಅಂದೋನು ನಾನು."

ಶಾಂತಮಲ್ಲಮ್ಮ ಬಯ್ಯುತ್ತಾಳೆಂದುಕೊಂಡಿದ್ದ. ಅವಳು ಹಾರೆ ತಂದುಕೊಟ್ಟಳು. ಅವನೇ ಗೂಟ ಕಿತ್ತ.

ಕೆಂಚ ಉಳಿಯಿತು. ಒಂದು ಕಣ್ಣು ತಿಳಿಯಾಯಿತು, ಇನ್ನೊಂದು ಮಸುಕಾಗೇ ಉಳಿಯಿತು. ದಿನಾ ಸಂಜೆ ಅದು ಕೊಟ್ಟಿಗೆಯೊಳಗೆ ಹೊಗೆಯಲ್ಲೇ ಮಲಗಿತು, ಆದರೂ ಕಾಯಿ ಕೀಳುವವರೆಗೆ ಒಂದು ಹಂದಿಯನ್ನೂ ಹೊಲಕ್ಕೆ ಬಿಡಲಿಲ್ಲ. ಚಿಕ್ಕಬಸವಯ್ಯ ಆ ತಿಂಗಳೆಲ್ಲ ತಾನು ಪದ್ಧತಿ ಹೇಳಿಕೊಟ್ಟಿದ್ದ ಮನೆಮನೆಗೂ ಹೋಗಿ, "ನಾನು ಹೇಳಿದ್ದು ತಪ್ಪು, ನಾಯಿನ ಒಳಗೆ ಬುಡಿ" ಎಂದು ಬಂದ. ಕೆಲವರು ನಕ್ಕರು. ಅರ್ಧ ಡಾಕ್ಟರ ಮರ್ಯಾದೆ ಕಾಲುಭಾಗಕ್ಕೆ ಇಳಿಯಿತು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಹೊಸ ಕಡಲೆಕಾಯಿ ಕೊಡಲು ಒಂದು ದಿನ ಅವನ ಮನೆಗೆ ಬಂದ ಶಾಂತಮಲ್ಲಮ್ಮ ಹಿತ್ತಲಲ್ಲಿ ನಿಂತು ಕೇಳಿದಳು: "ಊರ ಗೂಟನೆಲ್ಲ ಕಿತ್ತೆ. ನಿನ್ನ ಕೊಟ್ಟಿಗೆ ಮುಂದ್ಲುದು ಇನ್ನೂ ಹಂಗೇ ಅದಲ್ಲ ಬಸವಯ್ಯ?"

ಅವನು ಆ ಕಡೆ ನೋಡಲಿಲ್ಲ.

"ದಿನಾ ಸಂಜೆ ಬೆಳ್ಳಿ ಅಲ್ಲಿಗೆ ಬರಲ್ಲ ಅಂತ ಎಳ್ದಾಡೋಳು ಕಣಕ್ಕ. ಮೊಂಡು ಬಿದ್ದವ್ಳೆ ಅಂತ ಎರಡೇಟು ಹಾಕಿ ಕಟ್ತಿದ್ದೆ."